ಅರ್ಧಕ್ಕೆ ನಿಂತ ಗುರುತು

“ಗುರುಗಳೇ, ಪಕ್ಷ ದೊಡ್ಡದೋ, ತತ್ವ ದೊಡ್ಡದೋ?”

ಕೇಳಿದವಳು ಪಂಪಾವತಿ. ಇಪ್ಪತ್ತೆರಡು ವರ್ಷದಿಂದ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಅಲ್ಲಿಯ ಪೌರತ್ವ ಪಡೆದು ಅಲ್ಲಿಯೇ ಓಟು ಹಾಕುತ್ತಿದ್ದಳು. ಹದಿನೈದು ದಿನದ ರಜೆಗೆ ಬಂದವಳು ಮೂರನೆಯ ದಿನವೇ ಮಠದ ಮೆಟ್ಟಿಲು ಹತ್ತಿದ್ದಳು.

ಗುರುಗಳು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. “ಪ್ರಶ್ನೆ ಬಹಳ ದೊಡ್ಡದಾಯಿತು. ಇದರ ಹಿಂದೆ ಒಂದು ಸಣ್ಣ ಪ್ರಶ್ನೆ ಇರಬೇಕಲ್ಲ, ಅದನ್ನು ಹೇಳು” ಎಂದರು.

ಪಂಪಾವತಿ ಹೇಳಿದಳು. ಮುಂದಿನ ತಿಂಗಳು ಅಲ್ಲಿ ಅಧ್ಯಕ್ಷರ ಚುನಾವಣೆ. ಅವಳೂ ಅವಳ ಗಂಡ ಚೆನ್ನವೀರನೂ ಹದಿನಾರು ವರ್ಷದಿಂದ ಒಂದೇ ಪಕ್ಷದಲ್ಲಿದ್ದಾರೆ. ಜೊತೆಯಲ್ಲೇ ಮನೆ ಮನೆ ಬಾಗಿಲು ತಟ್ಟಿದವರು. ಈ ಸಲ ಪಕ್ಷ ನಿಲ್ಲಿಸಿದ ಮನುಷ್ಯ ಸುಳ್ಳುಗಾರ ಎಂದು ಅವಳಿಗೆ ಖಾತ್ರಿಯಾಗಿದೆ. ಅವನಿಗೆ ಓಟು ಹಾಕುವುದಿಲ್ಲ ಎಂದಳು. ಕೈಹಿಡಿದ ಪಕ್ಷವನ್ನು ನಡುನೀರಿನಲ್ಲಿ ಬಿಡುವುದಿಲ್ಲ ಎಂದು ಗಂಡ ಅಂದ. ಅಂದಿನಿಂದ ಎರಡು ತಿಂಗಳಾಯಿತು, ಮಾತಿಲ್ಲ.

“ಒಂದೇ ಮನೆಯಲ್ಲಿ ಎರಡು ಒಲೆ ಆಗಿದೆ ಗುರುಗಳೇ. ಓಟಿನ ಕಾಗದ ಅಂಚೆಯಲ್ಲೇ ಮನೆಗೆ ಬರುತ್ತದೆ ನಮ್ಮಲ್ಲಿ. ಬಂದು ಹತ್ತು ದಿನವಾಯಿತು. ನನ್ನದನ್ನು ಅದು ಬಂದ ದಿನವೇ ತುಂಬಿ ಕಳಿಸಿದೆ. ಅವರದು ಇನ್ನೂ ಫ್ರಿಜ್ ಮೇಲೆ ಬಿದ್ದಿದೆ. ಪಕ್ಷ ಪಕ್ಷ ಎಂದು ಬಾಯಿ ಬಡಿದುಕೊಳ್ಳುವವರಿಗೆ ಒಂದು ಗುರುತು ಹಾಕುವುದಕ್ಕೂ ಸೋಮಾರಿತನ. ನನಗೆ ಸಾಕಾಗಿದೆ. ವಾಪಸ್ ಹೋದ ಮೇಲೆ ಬೇರೆ ಮನೆ ಹಿಡಿಯೋಣ ಎಂದಿದ್ದೇನೆ.”

“ಗಂಡನ ಮೇಲೆ ಮುನಿಸಿಕೊಂಡವರು ತವರಿಗೆ ಬರುವುದು ರೂಢಿಯೇ. ನೀನು ಸ್ವಲ್ಪ ದೂರದಿಂದ ಬಂದೆ, ಅಷ್ಟೇ” ಎಂದರು ಗುರುಗಳು. “ಅವನು ಯಾಕೆ ಹಾಗೆ ಮಾಡುತ್ತಾನೆ?”

“ಹಠ. ಇನ್ನೇನು?”

“ಸರಿ. ಸುಮ್ಮನೆ ಕೂರಬೇಡ, ನೀನೂ ನಾಲ್ಕು ಕಾಯಿ ಸುಲಿ. ಒಂದು ಕತೆ ಹೇಳುತ್ತೇನೆ.”

ಗುರುಗಳು ಹೇಳಿದ ಕತೆ ಇದು.

ಹತ್ತು ವರ್ಷದ ಹಿಂದೆ ಭಕ್ತರು ನನ್ನನ್ನೂ ನಿಮ್ಮ ಆ ದೇಶಕ್ಕೆ ಕರೆದುಕೊಂಡು ಹೋಗಿದ್ದರು. ಮೂರು ತಿಂಗಳು ಚಳಿಯಲ್ಲಿ ನಡುಗಿ ಬಂದೆ. ಪಕ್ಕದ ಮನೆಯಲ್ಲಿ ಒಬ್ಬಳು ಶಿಕ್ಷಕಿ ಇದ್ದಳು. ವಯಸ್ಸಾಗಿತ್ತು, ನೌಕರಿ ಮುಗಿದಿತ್ತು. ದಿನಾ ಮಧ್ಯಾಹ್ನ ಬಂದು ನನ್ನ ಎದುರು ಕೂತು ಹರಟೆ ಹೊಡೆಯುತ್ತಿದ್ದಳು. ಈ ಕತೆ ಅವಳದೇ. ನಾನು ಒಂದು ಸೊಲ್ಲೂ ಸೇರಿಸಿಲ್ಲ. ಸೇರಿಸಿದ್ದರೂ ನಿನಗೆ ಹೇಳುವವನಲ್ಲ.

ಅವಳ ಊರು ಚಿಕ್ಕದು. ಓಟು ಹಾಕುವವರು ನಾನೂರು ಚಿಲ್ಲರೆ ಜನ. ಅಲ್ಲಿ ಯಂತ್ರವಿಲ್ಲ, ಓಟನ್ನು ಕೈಯಲ್ಲೇ ಎಣಿಸುತ್ತಾರೆ. ಆ ಎಣಿಕೆಗೆ ಒಂದು ಪದ್ಧತಿ ಇದೆ. ಒಂದೊಂದು ಮೇಜಿಗೆ ಇಬ್ಬರು. ಒಬ್ಬ ಈ ಪಕ್ಷದವನು, ಇನ್ನೊಬ್ಬ ಆ ಪಕ್ಷದವನು. ಒಬ್ಬ ಕಾಗದ ನೋಡಿ ಹೆಸರು ಓದಬೇಕು, ಇನ್ನೊಬ್ಬ ಗೀಟು ಹಾಕಬೇಕು. ಇಬ್ಬರೂ ಹೌದೆಂದರೆ ಮಾತ್ರ ಅದು ಓಟು. ಕಳ್ಳನ ಎದುರು ಕಳ್ಳನನ್ನು ಕೂರಿಸಿದರೆ ಇಬ್ಬರೂ ಸಾಚಾ ಆಗುತ್ತಾರೆ ಎಂದು ಅವರ ಹಿರಿಯರು ಲೆಕ್ಕ ಹಾಕಿದ್ದಿರಬೇಕು.

ಒಂದು ಮೇಜಿನಲ್ಲಿ ಈ ಶಿಕ್ಷಕಿ ಕೂರುತ್ತಿದ್ದಳು. ಎದುರಿಗೆ ಒಬ್ಬ ಬಡಗಿ. ಮೊದಲು ಇಬ್ಬರೂ ಒಂದೇ ಪಕ್ಷದವರು. ಪಕ್ಷ ದಾರಿ ತಪ್ಪಿದೆ ಎಂದು ಶಿಕ್ಷಕಿ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋದಳು. ಬಡಗಿ ಹೋಗಲಿಲ್ಲ. ಹಾಗಾಗಿ ಹನ್ನೆರಡು ವರ್ಷ ಎದುರುಬದುರು ಕೂತು ಎಣಿಸಿದರು. ಎಣಿಕೆ ಮುಗಿದ ಮೇಲೆ ಸೋತ ಪಕ್ಷದವರು ಗೆದ್ದವರಿಗೆ ಸೇಬಿನ ಕಡುಬು ಮಾಡಿ ತರಬೇಕೆಂದು ತಮ್ಮತಮ್ಮಲ್ಲೇ ಒಂದು ನೇಮ ಮಾಡಿಕೊಂಡಿದ್ದರು. ಆ ಊರು ಅರವತ್ತು ವರ್ಷದಿಂದ ಬಡಗಿಯ ಪಕ್ಷದ್ದೇ. ಹಾಗಾಗಿ ಕಡುಬು ತರುತ್ತಿದ್ದವಳು ಯಾವಾಗಲೂ ಶಿಕ್ಷಕಿಯೇ.

ಆಮೇಲೆ ಒಂದು ಅಧ್ಯಕ್ಷರ ಚುನಾವಣೆ ಬಂತು. ಬಡಗಿಯ ಪಕ್ಷ ನಿಲ್ಲಿಸಿದವನು ಬಾಯಿ ತೆರೆದರೆ ಸುಳ್ಳು. ಅದು ಊರಿಗೆಲ್ಲ ಗೊತ್ತು, ಬಡಗಿಗೂ ಗೊತ್ತು. ಶಿಕ್ಷಕಿ ಅವನ ಕಾರ್ಯಾಗಾರಕ್ಕೆ ಹೋದಳು.

“ಈ ಸಲವೂ ನಿನ್ನ ಪಕ್ಷದವನಿಗೇ ಹಾಕುತ್ತೀಯಾ? ನಿಮ್ಮಂಥವರೇ ಸುಳ್ಳುಗಾರನಿಗೆ ಓಟು ಹಾಕಿದರೆ, ನಾಳೆ ಮಕ್ಕಳಿಗೆ ನಿಜ ಹೇಳಿ ಎಂದು ನಾನು ಯಾವ ಮುಖ ಇಟ್ಟುಕೊಂಡು ಕಲಿಸಲಿ?”

ಬಡಗಿ ಹಲಗೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಈ ಕಾರ್ಯಾಗಾರ ಸುಟ್ಟುಹೋದ ವರ್ಷ ನೆನಪಿದೆಯಾ? ಹದಿನಾಲ್ಕು ಜನ ಸುತ್ತಿಗೆ ಹಿಡಿದು ಬಂದರು. ಎಂಟು ದಿನದಲ್ಲಿ ಎತ್ತಿ ನಿಲ್ಲಿಸಿದರು. ಎಲ್ಲರೂ ನಮ್ಮ ಪಕ್ಷದವರೇ. ಪಕ್ಷ ಅಂದರೆ ನನಗೆ ಟಿವಿಯಲ್ಲಿ ಬರುವ ಆ ಮನುಷ್ಯನಲ್ಲ, ಆ ಹದಿನಾಲ್ಕು ಜನ. ಅವರನ್ನು ಬಿಟ್ಟು ಎಲ್ಲಿಗೆ ಹೋಗಲಿ?”

ಶಿಕ್ಷಕಿಗೆ ಸಿಟ್ಟು ಬಂತು. “ನಿನ್ನ ಪಕ್ಷ ಬೀದಿನಾಯಿಯನ್ನು ನಿಲ್ಲಿಸಿದರೂ ನೀನು ಅದಕ್ಕೇ ಹಾಕುವವನು” ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಡಗಿ ಮತ್ತೆ ಅವಳ ಕಡೆ ನೋಡಲಿಲ್ಲ. ಮೂರು ತಿಂಗಳು ಅಂಗಡಿಯಲ್ಲಿ ಎದುರಾದರೂ ಮುಖ ತಿರುಗಿಸಿ ಹೋದ. ತಾನು ಆಡಿದ್ದು ನಿಜವೇ ತಾನೇ ಎಂದು ಶಿಕ್ಷಕಿಯೂ ಬಿಗಿದುಕೊಂಡಿದ್ದಳು. ಒಳಗೊಳಗೆ ಇಬ್ಬರಿಗೂ ಸಂಕಟವೇ. ಅವಳೇ ಹೇಳಿದಳು ನನಗೆ, ಆ ಮೂರು ತಿಂಗಳು ಮನೆಯಲ್ಲಿ ಒಲೆ ಹಚ್ಚಿ ಏನೂ ಬೇಯಿಸಲಿಲ್ಲವಂತೆ.

ಓಟಾಯಿತು. ಎಣಿಕೆಯಾಯಿತು. ಆ ಊರಿನಲ್ಲಿ ಬಡಗಿಯ ಪಕ್ಷಕ್ಕೆ ಇನ್ನೂರ ಹನ್ನೆರಡು, ಶಿಕ್ಷಕಿಯ ಪಕ್ಷಕ್ಕೆ ಇನ್ನೂರ ಹನ್ನೊಂದು. ಒಂದೇ ಓಟಿನ ಅಂತರ. ಮರುಎಣಿಕೆ ಆಗಲೇಬೇಕೆಂದು ಶಿಕ್ಷಕಿಯ ಪಕ್ಷದವರು ಕೇಳಿದರು. ಇಡೀ ದೇಶದ ಲೆಕ್ಕದಲ್ಲಿ ಆ ಒಂದು ಓಟು ಸಮುದ್ರದಲ್ಲಿ ಉಪ್ಪಿನ ಹರಳು. ಆದರೆ ಊರಿನ ಮಾನ ಊರಿಗೆ ದೊಡ್ಡದು. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಜನವೆಲ್ಲ ಸಭಾಭವನದ ಬೆಂಚುಗಳ ಮೇಲೆ ಬಂದು ಕೂತರು. ಈ ಕಡೆಯ ಬೆಂಚಿನಲ್ಲಿ ಅವರು, ಆ ಕಡೆಯ ಬೆಂಚಿನಲ್ಲಿ ಇವರು. ಆ ಹದಿನಾಲ್ಕು ಜನರಲ್ಲಿ ಬದುಕಿದ್ದವರು ಮುಂದಿನ ಸಾಲಿನಲ್ಲೇ ಇದ್ದರು.

ಬಡಗಿ ಮತ್ತು ಶಿಕ್ಷಕಿ ಮೇಜಿಗೆ ಕೂತರು. ನಮಸ್ಕಾರವೂ ಇಲ್ಲ. ಅವಳು ಓದಿದಳು, ಅವನು ಗೀಟು ಹಾಕಿದ. ಒಂದೂ ಹೆಚ್ಚುಕಡಿಮೆ ಆಗಲಿಲ್ಲ. ಕಟ್ಟಿನಲ್ಲಿ ಇನ್ನು ಐದಾರು ಉಳಿದಿವೆ ಎನ್ನುವಾಗ ಒಂದು ಕಾಗದ ಬಂತು.

ಆ ಕಾಗದದಲ್ಲಿ ಹೆಸರಿನ ಪಕ್ಕ ಒಂದು ಸಣ್ಣ ವೃತ್ತ ಇರುತ್ತದೆ. ಅದನ್ನು ಪೂರ್ತಿ ಕಪ್ಪು ಮಾಡಬೇಕು. ಈ ಕಾಗದದಲ್ಲಿ ಬಡಗಿಯ ಪಕ್ಷದವನ ಹೆಸರಿನ ಪಕ್ಕದ ವೃತ್ತ ಅರ್ಧ ಮಾತ್ರ ಕಪ್ಪಾಗಿತ್ತು. ಬೇರೆ ಎಲ್ಲಿಯೂ ಏನೂ ಇರಲಿಲ್ಲ. ಹಿಂದಿನ ದಿನ ಬೇರೆ ಮೇಜಿನವರು ಇದನ್ನು ಓಟೆಂದೇ ಎಣಿಸಿದ್ದರು.

ಶಿಕ್ಷಕಿ ಮೇಜಿನ ಮೇಲಿದ್ದ ನಿಯಮದ ಹಾಳೆ ನೋಡಿದಳು. ಒಂದೇ ಹೆಸರಿನ ಮುಂದೆ ಗುರುತಿದ್ದರೆ, ಗುರುತು ಸಣ್ಣದಿರಲಿ ದೊಡ್ಡದಿರಲಿ, ಅದು ಆ ಹೆಸರಿಗೆ ಓಟು. ಹಾಗೆಂದು ಬರೆದಿತ್ತು. ಅವಳು ಬಡಗಿಯ ಪಕ್ಷದವನ ಹೆಸರು ಓದಿದಳು.

ಬಡಗಿ ಗೀಟು ಹಾಕಲಿಲ್ಲ. “ಇದು ಓಟಲ್ಲ” ಎಂದ.

ಶಿಕ್ಷಕಿಗೆ ತಲೆ ಬುಡ ತಿಳಿಯಲಿಲ್ಲ. ತನ್ನ ಪಕ್ಷಕ್ಕೆ ಬಂದ ಓಟನ್ನು ಬೇಡ ಎನ್ನುವವನನ್ನು ಅವಳು ಅದುವರೆಗೆ ನೋಡಿರಲಿಲ್ಲ. ಇದನ್ನು ಬಿಟ್ಟರೆ ಎರಡೂ ಪಕ್ಷ ಸಮಸಮ. ಅರವತ್ತು ವರ್ಷದ ಊರು ಅವನ ಪಕ್ಷದ ಕೈತಪ್ಪುತ್ತದೆ.

“ನಿಯಮ ಓದು” ಎಂದಳು.

“ಓದಿದ್ದೇನೆ. ಹಾಕುವ ಮನಸ್ಸಿದ್ದಿದ್ದರೆ ಪೂರ್ತಿ ಹಾಕುತ್ತಿದ್ದ. ಇವನು ಕೈ ತಡೆದಿದ್ದಾನೆ. ಬಿಟ್ಟುಬಿಡು.”

ಆಗ ಅವಳು ಕಾಗದವನ್ನು ಇನ್ನೊಮ್ಮೆ ನೋಡಿದಳು. ಓಟು ಹಾಕುವ ಕಟ್ಟೆಯಲ್ಲಿ ತೆಳ್ಳನೆಯ ಪೆನ್ಸಿಲನ್ನು ದಾರದಲ್ಲಿ ಕಟ್ಟಿರುತ್ತಾರೆ. ಊರಿನವರೆಲ್ಲ ಅದರಲ್ಲೇ ಗುರುತು ಹಾಕುವುದು. ಈ ಗುರುತು ಮಾತ್ರ ಅಗಲವಾಗಿ, ಪಟ್ಟಿಯ ಹಾಗೆ ಇತ್ತು. ಮರದ ಮೇಲೆ ಗೆರೆ ಎಳೆಯುವ ಚಪ್ಪಟೆ ಪೆನ್ಸಿಲಿನದು. ಅವಳು ಬಡಗಿಯ ಕೈ ನೋಡಿದಳು. ಅಂಥದೇ ಚಪ್ಪಟೆ ಪೆನ್ಸಿಲ್ ಹಿಡಿದಿದ್ದ. ಬೆಳಗಿನಿಂದ ಹಾಕಿದ ಗೀಟುಗಳೂ ಅಷ್ಟೇ ಅಗಲ. ನಲವತ್ತು ವರ್ಷದಿಂದ ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇಟ್ಟುಕೊಂಡವನು, ಗುರುತು ಹಾಕು ಅಂದರೆ ಕೈ ಅಲ್ಲಿಗೇ ಹೋಗಿರುತ್ತದೆ. ಕಟ್ಟಿದ ಪೆನ್ಸಿಲ್ ಅವನ ಕಣ್ಣಿಗೇ ಬಿದ್ದಿರಲಿಕ್ಕಿಲ್ಲ.

ಅವಳು ನೋಡಿದ್ದನ್ನು ಅವನೂ ನೋಡಿದ. ಪೆನ್ಸಿಲನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸಿದ.

ತಂಗೀ, ಈಗ ಆ ಹೆಂಗಸಿನ ಪಾಡು ನೋಡು. ನಾಯಿಗೂ ಓಟು ಹಾಕುವವನು ಎಂದು ತಾನು ಬೈದ ಮನುಷ್ಯ, ಆ ಕಟ್ಟೆಯಲ್ಲಿ ಒಬ್ಬನೇ ನಿಂತು, ಹಾಕಲೂ ಆಗದೆ ಬಿಡಲೂ ಆಗದೆ ಬಂದಿದ್ದಾನೆ. ಬೈದು ಮೂರು ತಿಂಗಳಾದ ಮೇಲೆ ಅದು ಅವಳಿಗೆ ಗೊತ್ತಾಗುತ್ತಿದೆ. ಈಗ ತನ್ನ ಹದಿನಾಲ್ಕು ಜನರ ಎದುರೇ ಕೂತು ಇದು ಓಟಲ್ಲ ಎನ್ನುತ್ತಿದ್ದಾನೆ. ಅವಳು ಹ್ಞೂಂ ಎಂದರೆ ಸಾಕು. ಅವನ ಮನಸ್ಸಿಗೂ ನೆಮ್ಮದಿ, ಅವಳ ಪಕ್ಷಕ್ಕೂ ಲಾಭ. ಅವಳ ಕಡೆಯವರು ಬೆಂಚಿನ ತುದಿಗೆ ಬಂದು ಕೂತಿದ್ದರು.

ಅವಳು ನಿಯಮದ ಹಾಳೆಯ ಮೇಲೆ ಬೆರಳಿಟ್ಟಳು. ಆಮೇಲೆ ಹೇಳಿದಳು. “ಗುರುತು ನೋಡು ಎನ್ನುತ್ತದೆ ನಿಯಮ. ಗುರುತು ಹಾಕಿದವನು ಯಾರು ಎಂದು ಹುಡುಕು ಎನ್ನುವುದಿಲ್ಲ. ಇದು ಓಟೇ.”

ಅವನ ಮುಂದಿದ್ದ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು, ತನಗೆ ಸೇರದ ಆ ಮನುಷ್ಯನ ಹೆಸರಿನ ಕೆಳಗೆ ತಾನೇ ಗೀಟು ಹಾಕಿದಳು. ಬಡಗಿ ಸಹಿ ಮಾಡಬೇಕಿತ್ತು. ಪೆನ್ಸಿಲ್ ಹೊರತೆಗೆಯಲಿಲ್ಲ. ಅವಳ ಪೆನ್ನು ಇಸಿದುಕೊಂಡು ಸಹಿ ಹಾಕಿದ. ಇನ್ನೂರ ಹನ್ನೆರಡು, ಇನ್ನೂರ ಹನ್ನೊಂದು. ಊರು ಅವನ ಪಕ್ಷದ್ದೇ ಆಗಿ ಉಳಿಯಿತು. ಅವಳ ಕಡೆಯವರು ಅವಳನ್ನು ಮಾತಾಡಿಸದೆ ಎದ್ದು ಹೋದರು.

ಮರುದಿನ ಅವಳು ಸೇಬಿನ ಕಡುಬು ಮಾಡಿಕೊಂಡು ಕಾರ್ಯಾಗಾರಕ್ಕೆ ಹೋದಳು. ಹಲಗೆಯ ಮೇಲೆ ಇಟ್ಟು, “ಕಟ್ಟೆಯಲ್ಲಿ ಕಟ್ಟಿರುವ ಪೆನ್ಸಿಲನ್ನೇ ಬಳಸಬೇಕೆಂದು ಆ ಮನುಷ್ಯನಿಗೆ ಯಾರಾದರೂ ಬುದ್ಧಿ ಹೇಳಬೇಕು” ಎಂದಳು.

ಬಡಗಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. “ಇಪ್ಪತ್ತು ನಿಮಿಷ ನಿಂತಿದ್ದನಂತೆ ಆ ಮನುಷ್ಯ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮುತ್ತಿದ್ದರಂತೆ” ಎಂದ.

“ನಾಯಿಯ ಮಾತು ಆಡಿದ್ದು ನನ್ನ ತಪ್ಪು. ಅದನ್ನು ಹೇಳೋಕೇ ಬಂದೆ” ಎಂದಳು ಅವಳು.

ಅವನು ಕಡುಬನ್ನು ಎರಡು ಭಾಗ ಮಾಡಿ ಒಂದನ್ನು ಅವಳ ಕಡೆಗೆ ತಳ್ಳಿದ. ಸಾಯುವವರೆಗೂ ಅವನು ಆ ಪಕ್ಷ ಬಿಡಲಿಲ್ಲ. ಅವಳೂ ಅದಕ್ಕೆ ಮರಳಲಿಲ್ಲ. ಇನ್ನೂ ಒಂಬತ್ತು ವರ್ಷ ಅದೇ ಮೇಜಿನಲ್ಲಿ ಎದುರುಬದುರು ಕೂತು ಎಣಿಸಿದರು. ಅವನು ಹೋದ ಮೇಲೆಯೇ ಅವಳು ಈ ಮಾತನ್ನು ಬಾಯಿಬಿಟ್ಟಿದ್ದು. ಅದೂ ಊರಿನವರ ಹತ್ತಿರವಲ್ಲ, ಚಳಿಗೆ ಕಂಬಳಿ ಹೊದ್ದು ಕೂತ ಈ ಪರದೇಶಿಯ ಹತ್ತಿರ.

ಗುರುಗಳು ಕತೆ ಮುಗಿಸಿದರು. ಬುಟ್ಟಿಯಲ್ಲಿ ಕಾಯಿ ಇನ್ನೂ ಇತ್ತು.

ಪಂಪಾವತಿ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. “ನೀವು ನನ್ನ ಪ್ರಶ್ನೆಗೆ ಉತ್ತರ ಹೇಳಲಿಲ್ಲ ಗುರುಗಳೇ. ಪಕ್ಷ ದೊಡ್ಡದೋ, ತತ್ವ ದೊಡ್ಡದೋ?”

“ಅದು ನಿನ್ನ ದೊಡ್ಡ ಪ್ರಶ್ನೆ, ಅದು ಹಾಗೇ ಇರಲಿ” ಎಂದು ಗುರುಗಳು ಇನ್ನೊಂದು ಕಾಯಿ ಕೈಗೆತ್ತಿಕೊಂಡರು. “ಪಕ್ಷವೇ ದೊಡ್ಡದು ಎನ್ನುವ ನಿನ್ನ ಗಂಡನ ಕಾಗದ ಹತ್ತು ದಿನದಿಂದ ಫ್ರಿಜ್ ಮೇಲೆ ಯಾಕೆ ಬಿದ್ದಿದೆ, ತಂಗೀ?”