ಬಾಗಿಲಲ್ಲೇ ಬಾಡಿದ ಸೊಪ್ಪು

"ಗುರುಗಳೇ, ಕಾವಲು ಜಾಸ್ತಿ ಇದ್ದಷ್ಟೂ ಒಳ್ಳೇದೇ ತಾನೇ? ಮತ್ತೆ ಯಾಕೆ ಹೀಗಾಗ್ತಿದೆ?" ಅಂತ ಕೇಳಿದ ಮರುಳಯ್ಯ.

ಪಾಪ, ಅವನ ಅವಸ್ಥೆ ನೋಡಬೇಕಿತ್ತು! ಗುರುಗಳ ಬೆಳಗಿನ ಪಾಠ ಕೇಳೋಕೆ ಊರೂರಿನ ಜನ ಆಗಲೇ ಫೋನ್ ಮುಂದೆ ಕೂತಿದ್ದಾರೆ. ಇಲ್ಲಿ ಆಶ್ರಮದ ಕಂಪ್ಯೂಟರ್‌ನಲ್ಲಿ ಪಾಠದ ಪುಟವೇ ತೆರೀತಿಲ್ಲ, ಬರೀ ಚಕ್ರ ಸುತ್ತುತ್ತಾ ಇದೆ. ಇಂಟರ್ನೆಟ್ ಸರಿಯಾಗೇ ಇದೆ. ವೈರಸ್ ಬಂದೀತು ಅಂತ ಇವನೇ ಬ್ರೌಸರ್‌ಗೆ ಭದ್ರತೆಯ ಒಂದು ಎಕ್ಸ್‌ಟೆನ್ಷನ್ ಹಾಕಿದ್ದ, ಆಮೇಲೆ ಅದರ ಮೇಲೊಂದು, ಅದೂ ಸಾಲದು ಅಂತ ಮತ್ತೊಂದು. ಈಗ ಯಾವ ಪುಟ ಬಂದರೂ ಆ ಮೂರರಲ್ಲಿ ಒಂದೊಂದೂ ಅದನ್ನ ಹಿಡಿದು ನಿಲ್ಲಿಸಿ, ತಡಕಾಡಿ, ಆಮೇಲೆ ಬಿಡೋದು. ತೆಗೆದುಬಿಡೋಣ ಅಂದ್ರೆ ಭಯ. ಆಶ್ರಮದ ಕೆಲಸವೆಲ್ಲ ಇದರಲ್ಲೇ, ಏನಾದ್ರೂ ಒಳಗೆ ಹೊಕ್ಕುಬಿಟ್ರೆ?

ಗುರುಗಳು ಪರದೆ ನೋಡಲಿಲ್ಲ, ಅವನನ್ನೇ ನೋಡಿದರು. "ಕೂತ್ಕೋ. ಹೇಗೂ ಕಾಯ್ತಾ ಇದ್ದೀವಿ," ಅಂತ ಹೇಳಿ ಶುರು ಮಾಡಿದರು.

ಒಬ್ಬ ರೈತ ರೇಷ್ಮೆ ಹುಳ ಸಾಕ್ತಿದ್ದ. ಪಕ್ಕದವನ ಹುಳಕ್ಕೆ ಸುಣ್ಣಕಟ್ಟು ರೋಗ ಬಂದು ತಟ್ಟೆ ತಟ್ಟೆಯೇ ಸತ್ತುಹೋಯ್ತು. ಇವನಿಗೆ ಹೆದರಿಕೆ ಹತ್ತಿತು. ಹುಳದ ಮನೆ ಬಾಗಿಲಲ್ಲಿ ಒಬ್ಬ ಆಳನ್ನ ಕೂರಿಸಿದ. ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಬಂದರೆ ಅವನು ಚಾಪೆ ಮೇಲೆ ಸುರಿದು, ಎಲೆ ಮಗುಚಿ ನೋಡಿ, ಕೆಟ್ಟದ್ದನ್ನ ತೆಗೆದು, ಉಳಿದದ್ದನ್ನ ಒಳಗೆ ಬಿಡ್ತಿದ್ದ. ಹುಳ ಚೆನ್ನಾಗೇ ಬೆಳೀತಿತ್ತು.

ಆದರೂ ರೈತನಿಗೆ ಸಮಾಧಾನ ಇಲ್ಲ. ಇವನ ಕಣ್ಣು ತಪ್ಪಿದರೆ? ಎರಡನೆಯವನನ್ನ ಕರೆತಂದ. ಆಮೇಲೆ ಮೂರನೆಯವನನ್ನ. ಎರಡನೆಯವನು ಮೊದಲನೆಯವನನ್ನ ನಂಬಲ್ಲ, ಬುಟ್ಟಿ ಮತ್ತೆ ಸುರೀತಾನೆ. ಮೂರನೆಯವನು ಇಬ್ಬರನ್ನೂ ನಂಬಲ್ಲ. ನಡುವೆ ಅವರವರಲ್ಲೇ ಜಗಳ, "ಸೊಪ್ಪು ಆಮೇಲೆ ನೋಡುವೆಯಂತೆ, ಮೊದಲು ನಿನ್ನ ಕೈ ಚೊಕ್ಕಟ ಇದೆಯಾ ತೋರಿಸೋ!" ಅಂತ.

ಅಷ್ಟರಲ್ಲಿ ಹುಳ ಕಡೇ ಸಲ ಪೊರೆ ಕಳಚಿ ಎದ್ದವು. ಆಗ ಅವಕ್ಕೆ ಹಸಿವು ಅಂದರೆ ಹಸಿವು. ಮೇಯೋ ಸದ್ದು ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಹೊರಗೆಲ್ಲ ಕೇಳಬೇಕು. ರೈತ ಬಂದು ಗೋಡೆಗೆ ಕಿವಿಗೊಟ್ಟ. ಸದ್ದೇ ಇಲ್ಲ.

ಒಳಗಿಂದ ಹೆಂಡತಿ ಕೂಗಿದಳು: "ಏನ್ರೀ, ಸೊಪ್ಪು ಎಲ್ರೀ?"

"ಬರುತ್ತೆ ಇರೇ, ನೋಡ್ತಾ ಇದ್ದಾರೆ. ಒಳಗೆ ರೋಗ ಗೀಗ ಏನಾದ್ರೂ ಇದೆಯಾ?"

"ಒಂದಕ್ಕೂ ಇಲ್ಲ! ಎಲ್ಲಾ ತಲೆ ಎತ್ಕೊಂಡು ಸೊಪ್ಪು ಹುಡುಕ್ತಾ ಇವೆ. ಬಾಗಿಲಲ್ಲಿ ಮೂರು ಜನ ಕೂತಿದ್ದಾರೆ ಅಂತ ಅವಕ್ಕೆ ನೀವೇ ಬಂದು ಹೇಳಿ, ಹೊಟ್ಟೆ ತುಂಬುತ್ತೇನೋ ನೋಡೋಣ!"

ಬುಟ್ಟಿ ಒಳಗೆ ಬರೋ ಹೊತ್ತಿಗೆ ಎಲೆ ಮುರುಟಿಹೋಗಿತ್ತು. ಹುಳ ಮೂಸಿ ನೋಡಿ ತಿನ್ನದೇ ಬಿಟ್ಟವು. ದಿನಾ ಇದೇ ಆಯ್ತು. ಅರ್ಧಕ್ಕರ್ಧ ಸತ್ತವು, ಬದುಕಿದವು ಕಟ್ಟಿದ ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ರೋಗ ಮಾತ್ರ ಆ ಮನೆಗೆ ಬರಲೇ ಇಲ್ಲ.

ಮರುಳಯ್ಯನಿಗೆ ತಡೆಯೋಕೇ ಆಗಲಿಲ್ಲ. "ಅಯ್ಯೋ, ಹಾಗಾದ್ರೆ ಎಲ್ಲರನ್ನೂ ಕಳಿಸಿಬಿಡಬೇಕಿತ್ತಾ ಗುರುಗಳೇ? ಮೊದಲನೆಯವನನ್ನೂನಾ? ಆಗ ನಿಜವಾಗ್ಲೂ ರೋಗ ಬಂದಿದ್ರೆ?"

"ಮೊದಲನೆಯವನು ಇರಲಿ ಕಣಪ್ಪಾ, ಎರಡನೆಯವನನ್ನ ಕರೆತಂದನಲ್ಲ, ಆ ದಿನ ರೋಗ ಇದ್ದದ್ದು ಸೊಪ್ಪಿನಲ್ಲೋ, ರೈತನಲ್ಲೋ?"

ಮರುಳಯ್ಯ ಕಂಪ್ಯೂಟರ್ ಕಡೆ ತಿರುಗಿ, ಮೊದಲು ಹಾಕಿದ್ದೊಂದನ್ನ ಉಳಿಸಿ ಮಿಕ್ಕ ಎರಡನ್ನೂ ತೆಗೆದುಹಾಕಿದ.