ಹೂಜಿಯ ಮುಂದೆ ಇನ್‌ಸ್ಪೆಕ್ಟರ್ ಸಾಹೇಬರು

ಹಳ್ಳಿ ಶಾಲೆಯ ಏಳನೇ ತರಗತಿಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಇಂಗ್ಲಿಷಿನ ಕ್ಯಾನ್, ಮೇ, ಮಸ್ಟ್, ಶುಡ್‌ಗಳ ವ್ಯಾಖ್ಯೆ ಒಪ್ಪಿಸಿ ಎಂದರು. ಒಂದು ಮಗುವೂ ಏಳಲಿಲ್ಲ.

"ವ್ಯಾಖ್ಯೆ ಕಲಿಸಿಲ್ಲ ಸಾರ್, ಬಳಸೋದು ಕಲಿಸಿದೀನಿ," ಎಂದರು ಮೇಷ್ಟ್ರು.

"ನೆಪ ಹೇಳಬೇಡ್ರೀ! ಇಲ್ಲಿ ಇಂಗ್ಲಿಷ್ ಸೊನ್ನೆ ಅಂತ ವರದಿ ಬರೀತೀನಿ. ಆಮೇಲೆ ನಿಮ್ಮ ಈ ಟೆಂಪರರಿ ಕೆಲಸ ಕಾಯಂ ಆದ ಹಾಗೇ!"

ಮೇಷ್ಟ್ರು ಅಲುಗಲಿಲ್ಲ. "ಕೂಗಿ ಕೂಗಿ ತಮ್ಮ ಗಂಟಲು ಒಣಗಿದೆ ಸಾರ್. ನೀರು ಕುಡಿದು ಬರೀರಿ. ಹೂಜಿ ಅಲ್ಲಿದೆ."

ಆ ತರಗತಿಯಲ್ಲೊಂದು ಕಟ್ಟಳೆ ಇತ್ತು. ನೀರು ಬೇಕಾದವರು ಇಂಗ್ಲಿಷಿನಲ್ಲಿ ಮರ್ಯಾದೆಯಿಂದ ಕೇಳಬೇಕು. ಮೇಷ್ಟ್ರಿಗೂ ವಿನಾಯಿತಿ ಇರಲಿಲ್ಲ. ಅಂದಿನ ನೀರಿನ ಪಾಳಿ ತಿಪ್ಪಮ್ಮ ಎಂಬ ಹುಡುಗಿಯದು.

"ಏಯ್, ನೀರು ಕೊಡೇ," ಎಂದರು ಸಾಹೇಬರು.

ತಿಪ್ಪಮ್ಮ ಹೂಜಿಯ ಬಾಯಿಗೆ ಅಂಗೈ ಮುಚ್ಚಿದಳು. "ಯು ಮಸ್ಟ್ ಆಸ್ಕ್ ಇನ್ ಇಂಗ್ಲಿಷ್, ಸಾರ್."

"ಗಿವ್ ವಾಟರ್!"

"ಯು ಶುಡ್ ಆಸ್ಕ್ ನೈಸ್‌ಲಿ, ಸಾರ್. 'ಮೇ ಐ ಹ್ಯಾವ್ ಸಮ್ ವಾಟರ್?' ಅನ್ನಿ. ದೆನ್ ಐ ಕ್ಯಾನ್ ಗಿವ್."

ಸಾಹೇಬರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕಿಟಕಿಯಾಚೆಯ ಬಿಸಿಲು ನೋಡುತ್ತಿದ್ದರು. ಕೊನೆಗೆ ಸಾಹೇಬರು ಮೆಲ್ಲಗೆ, "ಮೇ ಐ ಹ್ಯಾವ್ ಸಮ್ ವಾಟರ್?" ಎಂದರು.

"ಯು ಮೇ, ಸಾರ್," ಎಂದು ತಿಪ್ಪಮ್ಮ ಲೋಟ ತುಂಬಿಸಿ ಕೊಟ್ಟಳು.

ನೀರು ಕುಡಿದು ಸಾಹೇಬರು ಮತ್ತೆ ಪೆನ್ನು ತೆಗೆದರು. ಮೇಷ್ಟ್ರು ಹತ್ತಿರ ಬಂದರು.

"ಈ ಮಕ್ಕಳಿಗೆ ಇಂಗ್ಲಿಷ್ ಬರಲ್ಲ ಅಂತ ಧಾರಾಳವಾಗಿ ಬರೀರಿ ಸಾರ್. ಹಾಗೇ, ತಮಗೆ ನೀರು ಕೇಳೋದನ್ನ ಹೇಳಿಕೊಟ್ಟೋರು ಯಾರು ಅಂತಲೂ ಒಂದು ಸಾಲು ಸೇರಿಸಿ."

ಸಾಹೇಬರು "ಇಂಗ್ಲಿಷ್: ಉತ್ತಮ" ಎಂದಷ್ಟೇ ಬರೆದು ಜೀಪು ಹತ್ತಿದರು.