ಗವಿಪೋಡಿಗೆ ಹೋದ ಇನ್ನಾಸಪ್ಪ

ಬೆಟ್ಟಕ್ಕೆ ದಾರಿಯೇ ಇಲ್ಲದ ಕಾಲ ಅದು. ಬೆಟ್ಟದ ಬುಡದಲ್ಲಿ ಒಂದೂರಿತ್ತು, ಅರಳೀಪಾಳ್ಯ ಅಂತ. ನಮ್ಮದೇ ಊರು ಕಣ್ರೋ. ಆಗ ಇಪ್ಪತ್ತೇ ಮನೆ, ಹುಲ್ಲು ಹೊದಿಸಿದ ಒಂದು ಚರ್ಚು. ಆ ಊರಲ್ಲಿ ಇನ್ನಾಸಪ್ಪ ಅಂತ ಒಬ್ಬನಿದ್ದನಂತೆ. ಬಾವಿ ತೋಡೋದು ಅವನ ಕಸುಬು.

ನೆಲಕ್ಕೆ ಕಿವಿ ಇಟ್ಟರೆ ಸಾಕು, ನೀರು ಎಷ್ಟು ಆಳದಲ್ಲಿದೆ, ಸಿಹಿಯೋ ಉಪ್ಪೋ ಅಂತ ಹೇಳಿಬಿಡುತ್ತಿದ್ದನಂತೆ. ಒಂದು ಸಲ ಬೆಳಗಾಗುತ್ತಲೇ ಗುದ್ದಲಿ ಹಿಡಿದವನು ಸಂಜೆ ದೀಪ ಹಚ್ಚೋ ಹೊತ್ತಿಗೆ ಬಸುರಿ ಹೆಂಗಸೊಬ್ಬಳಿಗೆ ನೀರು ಸೇದಿ ಕೊಟ್ಟನಂತೆ. ಒಂದೇ ಹಗಲಲ್ಲಿ ಒಂದು ಬಾವಿ. ಹಾಗಂತಾರೆ. ನಾನು ನೋಡಿಲ್ಲ, ನನಗೆ ಹೇಳಿದ ನಮ್ಮತ್ತೆಯೂ ನೋಡಿರಲಿಲ್ಲ. ಇನ್ನಾಸಪ್ಪ ಚಿಕ್ಕವನಿದ್ದಾಗ ಸಿಡುಬು ಬಂದು ಬದುಕಿಕೊಂಡವನಂತೆ, ಮುಖದ ತುಂಬ ಕಲೆ.

ಒಂದು ಭಾನುವಾರ ಚರ್ಚಿನ ಪೂಜೆಯಲ್ಲಿ ಪಾದ್ರಿ ಸ್ವಾಮಿಗಳು ಹೇಳಿದರಂತೆ: ಯೇಸುಸ್ವಾಮಿ ಪರಲೋಕಕ್ಕೆ ಹೋಗುವ ಮೊದಲು ಶಿಷ್ಯರನ್ನು ಕರೆದು, ಎಲ್ಲ ಜನರ ಹತ್ತಿರಕ್ಕೂ ಹೋಗಿ, ನನ್ನ ವಿಷಯ ತಿಳಿಸಿ ಅಂದರು ಅಂತ. ಎಲ್ಲರೂ ಕೇಳಿದರು, ಮನೆಗೆ ಹೋಗಿ ಉಂಡರು. ಇನ್ನಾಸಪ್ಪನಿಗೆ ಮಾತ್ರ ಅನ್ನ ಇಳಿಯಲಿಲ್ಲ. ಜಗಲಿ ಮೇಲೆ ಕೂತು ಬೆಟ್ಟ ನೋಡುತ್ತಿದ್ದ.

ಹೆಂಡತಿ ಆರೋಗ್ಯಮ್ಮ ಬಂದು ಕೇಳಿದಳಂತೆ, "ಯಾಕ್ರೀ, ಏನಾಯ್ತು?"

"ಆ ಬೆಟ್ಟದ ಮೇಲೆ ದಿನಾ ಹೊಗೆ ಏಳ್ತದಲ್ಲ, ಆ ಜನಕ್ಕೆ ಇನ್ನೂ ಯಾರೂ ಹೇಳಿಲ್ಲ ಕಣೆ."

"ಹೇಳಿ ಅಂತ ಅವರು ಕೇಳಿದ್ರಾ?"

"ಗೊತ್ತೇ ಇಲ್ಲದೋರು ಹೆಂಗೆ ಕೇಳ್ತಾರೆ?"

ಆರೋಗ್ಯಮ್ಮ ಒಳಗೆ ಹೋಗಿ ಬೀಸುಕಲ್ಲು ಎಳೆದುಕೊಂಡಳು. ಮಾರನೇ ದಿನ ರಾಗಿ ಹಿಟ್ಟು ಕಟ್ಟಿಕೊಟ್ಟಳು. ಅವನು ಹೊರಟ.

ಬೆಟ್ಟದ ಜನ ತಮ್ಮ ಗುಡಿಸಲುಗಳ ಗುಂಪಿಗೆ ಪೋಡು ಅಂತಾರೆ. ಇನ್ನಾಸಪ್ಪ ಹೋದದ್ದು ಗವಿಪೋಡಿಗೆ. ಅರವತ್ತು ಜನ ಇದ್ದರಂತೆ ಅಲ್ಲಿ. ಗೆಡ್ಡೆ ಅಗೆದು, ಜೇನು ಇಳಿಸಿ, ಚೂರುಪಾರು ರಾಗಿ ಬೆಳೆದುಕೊಂಡು ಇದ್ದ ಜನ. ಅವರಿಗೆ ಅವರ ದೇವರಿದ್ದ, ಅವರ ಹಾಡಿತ್ತು. ಬಂದವನನ್ನು ಓಡಿಸಲಿಲ್ಲ. ತಿನ್ನೋದಕ್ಕೆ ಕೊಟ್ಟರು, ಬೆಂಕಿ ಹತ್ತಿರ ಜಾಗ ಕೊಟ್ಟರು. ಅವನು ನಿಂತು ಯೇಸುಸ್ವಾಮಿಯ ಕಥೆ ಹೇಳಿದ. ಮಕ್ಕಳು ನಕ್ಕವು. ಪೋಡಿನ ಯಜಮಾನ ಕೇತೇಗೌಡ ಅನ್ನೋನು, ಕೆಳಗಿನವರ ಮಾತು ಅಷ್ಟಿಷ್ಟು ಬಲ್ಲವನು, ಒಂದೇ ಮಾತು ಕೇಳಿದನಂತೆ.

"ನಿನ್ನ ಸ್ವಾಮಿಗೆ ನಮ್ಮ ಮಾತು ಬರ್ತದಾ?"

ಇನ್ನಾಸಪ್ಪನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆವತ್ತಿನಿಂದ ಅವನು ಕಥೆ ಹೇಳೋದು ಬಿಟ್ಟ. ಮಾತು ಕಲಿಯೋಕೆ ಕೂತ. ಮೂರು ವರ್ಷ ಹತ್ತಿ ಇಳಿದ, ಹತ್ತಿ ಇಳಿದ. ಅವರ ಜೊತೆ ಗೆಡ್ಡೆ ಅಗೆದ. ಮಳೆಗೆ ಏಳು ಹೆಸರು ಕಲಿತ. ಆನೆಯ ಹೆಸರನ್ನು ಕಾಡಿನೊಳಗೆ ಯಾಕೆ ಹೇಳಬಾರದು ಅನ್ನೋದನ್ನೂ ಕಲಿತ. ಕೊನೆಕೊನೆಗೆ ಕನಸಲ್ಲೂ ಅವರ ಮಾತೇ ಆಡುತ್ತಿದ್ದನಂತೆ. ಆರೋಗ್ಯಮ್ಮ ಹೇಳುತ್ತಿದ್ದಳಂತೆ.

ನಾಲ್ಕನೇ ವರ್ಷ ಒಂದು ಸಂಜೆ ಅವರದೇ ಮಾತಿನಲ್ಲಿ ಕಥೆ ಹೇಳಿದ. ಈ ಸಲ ಯಾರೂ ನಗಲಿಲ್ಲ. ಶಿಲುಬೆಯ ಕೆಳಗೆ ತಾಯಿ ನಿಂತಿದ್ದಳು ಅನ್ನೋ ಕಡೆಗೆ ಬಂದಾಗ ಬೊಮ್ಮಮ್ಮ ಅನ್ನೋ ಮುದುಕಿ ಅಳೋಕೆ ಶುರುಮಾಡಿದಳು. ಅವಳ ಒಬ್ಬನೇ ಮಗನನ್ನು ಆನೆ ತುಳಿದಿತ್ತು.

"ಆ ತಾಯಿಗೆ ಮಗನ ಮೈ ಸಿಕ್ಕಿತಾ?" ಅಂತ ಕೇಳಿದಳು.

"ಸಿಕ್ಕಿತು ತಾಯಿ. ಮಡಿಲಲ್ಲಿ ಮಲಗಿಸಿಕೊಂಡಳು."

"ನನಗೆ ಅದೂ ಸಿಗಲಿಲ್ಲ" ಅಂದಳು ಬೊಮ್ಮಮ್ಮ. ಆಮೇಲೆ ಕಣ್ಣೊರೆಸಿಕೊಂಡು, "ಆ ತಾಯಿಯ ಮಗನನ್ನು ನಾನೂ ಕರೀತೀನಿ. ಹೆಂಗೆ ಕರೀಬೇಕು, ಹೇಳ್ಕೊಡು" ಅಂದಳು.

ಇನ್ನಾಸಪ್ಪ ಬೆಟ್ಟ ಇಳಿದದ್ದಲ್ಲ, ಹಾರಿದ ಅಂತಾರೆ. ಒಂದು ದಿನದ ದಾರಿಯನ್ನು ಅರ್ಧ ಹಗಲಲ್ಲಿ ಮುಗಿಸಿದನಂತೆ. ಸ್ವಾಮಿಗಳ ಕಾಲಿಗೆ ಬಿದ್ದು, ಹಣೆಗೆ ನೀರು ಹಾಕಿ ಯೇಸುಸ್ವಾಮಿಯ ಕಡೆಗೆ ಸೇರಿಸಿಕೊಳ್ಳೋ ಜ್ಞಾನಸ್ನಾನಕ್ಕೆ ಬನ್ನಿ ಅಂತ ಕರೆದ. ಈಸ್ಟರ್ ಕಳೆಯಲಿ, ಬರ್ತೀನಿ ಅಂದರು ಸ್ವಾಮಿಗಳು. ಅವನು ಸಂತೆಗೆ ಹೋಗಿ ನೇಯುವವರ ಹತ್ತಿರ ಒಂದು ಬಿಳಿ ಬಟ್ಟೆ ಕೊಂಡ. ಜ್ಞಾನಸ್ನಾನದ ದಿನ ಬೊಮ್ಮಮ್ಮನಿಗೆ ಹೊದಿಸಲಿ ಅಂತ. ಎರಡು ದಿನವೂ ತಡೆಯಲಾರದೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಬೆಟ್ಟ ಹತ್ತಿದ.

ಆ ನೇಯುವವರ ಮನೆಯಲ್ಲಿ ಮೂರು ಮಕ್ಕಳು ಸಿಡುಬಿನಲ್ಲಿ ಮಲಗಿದ್ದವು. ಅದೇ ಬಟ್ಟೆಯ ಮೇಲೆ ಮಲಗಿದ್ದವು. ಅವನಿಗೆ ಯಾರೂ ಹೇಳಲಿಲ್ಲ.

ಅಷ್ಟು ಬಿಳಿಯ ಬಟ್ಟೆಯನ್ನು ಪೋಡಿನವರು ಕಂಡಿರಲಿಲ್ಲ. ಎಲ್ಲರೂ ಮುಟ್ಟಿ ನೋಡಿದರು. ಕೂಸುಗಳ ಕೆನ್ನೆಗೆ ಸವರಿದರು. ಬೊಮ್ಮಮ್ಮ ಹೊದ್ದುಕೊಂಡು ಹುಡುಗಿಯ ಹಾಗೆ ಒಂದು ಸುತ್ತು ತಿರುಗಿದಳಂತೆ. ಇನ್ನಾಸಪ್ಪ ಜೀವಮಾನದಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ ಅಂತಾರೆ.

ಹನ್ನೆರಡನೇ ದಿನ ಜ್ವರ ಬಂತು.

ಮೊದಲು ಕೂಸುಗಳಿಗೆ, ಆಮೇಲೆ ತಾಯಂದಿರಿಗೆ, ಆಮೇಲೆ ಗಂಡಸರಿಗೆ. ಗುಳ್ಳೆ ಕಂಡ ಕೂಡಲೇ ಇನ್ನಾಸಪ್ಪನಿಗೆ ಎಲ್ಲ ಗೊತ್ತಾಯಿತು. ಬಟ್ಟೆಯನ್ನು ಬೆಂಕಿಗೆ ಹಾಕಿದ. ಏನು ಪ್ರಯೋಜನ? ಚಿಕ್ಕವನಿದ್ದಾಗಲೇ ಸಿಡುಬು ಬಂದು ಹೋಗಿದ್ದ ಅವನೊಬ್ಬನಿಗೆ ಮಾತ್ರ ಏನೂ ಆಗಲಿಲ್ಲ. ಬಾವಿ ತೋಡುವ ಕೈಯಲ್ಲಿ ಗುಂಡಿ ತೋಡಿದ. ದಿನಕ್ಕೆ ಎರಡು, ದಿನಕ್ಕೆ ನಾಲ್ಕು. ಕೊನೆಗೆ ದೊಡ್ಡದಾಗಿ ಒಂದೇ ತೋಡಿದ. ಗುದ್ದಲಿ ಮುರಿದ ಮೇಲೆ ಉಗುರಲ್ಲಿ ತೋಡಿದ ಅಂತಾರೆ.

ಬೊಮ್ಮಮ್ಮನ ಕೊನೆಗಳಿಗೆಯ ವಿಷಯ ಇಬ್ಬಗೆಯಲ್ಲಿ ಹೇಳ್ತಾರೆ. ಅವಳು ಜ್ಞಾನಸ್ನಾನ ಪಡೆದು, ಕೈ ಮುಗಿದು, ನಗುತ್ತ ಹೋದಳು ಅಂತ ಚರ್ಚಿನಲ್ಲಿ ಹೇಳೋದನ್ನು ನೀವು ಕೇಳಿದ್ದೀರಿ. ನಮ್ಮತ್ತೆ ಹೇಳಿದ್ದು ಬೇರೆ. ಬೊಮ್ಮಮ್ಮ "ನೀರು" ಅಂದಳಂತೆ. ಇನ್ನಾಸಪ್ಪ ಬೊಗಸೆಯಲ್ಲಿ ನೀರು ತಂದು ಹಣೆಗೆ ಹಾಕೋಕೆ ಕೈ ಎತ್ತಿದನಂತೆ. ಅವಳು ಆ ಕೈ ಹಿಡಿದು ಬಾಯಿಗೆ ಎಳೆದುಕೊಂಡಳಂತೆ. ಅವಳಿಗೆ ಬಾಯಾರಿತ್ತು, ಅಷ್ಟೇ. ಕುಡಿದಳು, ಹೋದಳು.

ಕೇತೇಗೌಡ ಇನ್ನೂ ಎರಡು ದಿನ ಇದ್ದ. ಕಣ್ಣು ಮುಚ್ಚಿಹೋಗಿತ್ತು, ಮಾತು ಸ್ಪಷ್ಟವಾಗಿತ್ತು.

"ಇನ್ನಾಸ, ಆ ಬಟ್ಟೇಲಿ ಇದಿತ್ತು ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ ಯಜಮಾನ, ದೇವರಾಣೆಗೂ ಗೊತ್ತಿರಲಿಲ್ಲ."

"ನಂಬ್ತೀನಿ" ಅಂದ ಕೇತೇಗೌಡ. ಆಮೇಲೆ ಕೇಳಿದ, "ನಿನ್ನ ಸ್ವಾಮಿಗೆ ಗೊತ್ತಿತ್ತಾ?"

ಅದಕ್ಕೆ ಇನ್ನಾಸಪ್ಪ ಏನೋ ದೊಡ್ಡ ಮಾತು ಹೇಳಿದ ಅಂತ ಕೆಲವರು ಕಥೆ ಕಟ್ಟುತ್ತಾರೆ. ಏನೂ ಹೇಳಲಿಲ್ಲ ಕಣ್ರೋ. ಮುದುಕ ಉತ್ತರಕ್ಕೆ ಕಾದು ಕಾದು ಹಾಗೇ ತೀರಿಕೊಂಡ.

ಅರವತ್ತರಲ್ಲಿ ಒಂಬತ್ತು ಜನ ಉಳಿದರು. ಅವರು ಗುಡಿಸಲುಗಳಿಗೆ ಬೆಂಕಿ ಇಟ್ಟು ಕಾಡಿನ ಒಳಕ್ಕೆ ಹೊರಟರು. ಇನ್ನಾಸಪ್ಪ ಹಿಂದೆಯೇ ಹತ್ತು ಹೆಜ್ಜೆ ಹಾಕಿದ. ಒಬ್ಬ ಹೆಂಗಸು ತಿರುಗಿ ನಿಂತು, "ನೀನು ಕೆಟ್ಟವನಲ್ಲ. ಆದರೆ ಬರಬೇಡ" ಅಂದಳಂತೆ. ಆಮೇಲೆ ಗವಿಪೋಡಿನ ಜನವನ್ನು ಯಾರೂ ಕಾಣಲಿಲ್ಲ.

ಅವನು ಊರಿಗೆ ಬಂದ, ಆ ರಾತ್ರಿಯೇ ನಡೆದದ್ದನ್ನೆಲ್ಲ ಆರೋಗ್ಯಮ್ಮನಿಗೆ ಒಂದೇ ಸಲ ಹೇಳಿ ಮುಗಿಸಿದ. ಮಾರನೇ ದಿನ ಸ್ವಾಮಿಗಳು ಮನೆಗೇ ಬಂದು, ನಿನ್ನ ಮನಸ್ಸು ಶುದ್ಧವಾಗಿತ್ತು, ದೇವರ ದಾರಿ ನಮಗೆ ತಿಳಿಯೋದಿಲ್ಲ ಅಂತ ಸಮಾಧಾನ ಹೇಳಿದರು. ಇನ್ನಾಸಪ್ಪ ಉತ್ತರ ಕೊಟ್ಟ, ಆದರೆ ಬೆಟ್ಟದ ಮಾತಿನಲ್ಲಿ ಕೊಟ್ಟ. ಸ್ವಾಮಿಗಳಿಗೆ ಅರ್ಥವಾಗಲಿಲ್ಲ. ಅಲ್ಲಿಂದ ಸಾಯೋವರೆಗೆ ಅವನು ಬೇರೆ ಮಾತೇ ಆಡಲಿಲ್ಲವಂತೆ. ಆ ಮಾತು ಬಲ್ಲವರು ಕೆಳಗೆ ಒಬ್ಬರೂ ಇರಲಿಲ್ಲ.

ಭಾನುವಾರ ಮಾತ್ರ ತಪ್ಪದೆ ಬರುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ನಂಬಿಕೆ ಹೋಗಿತ್ತು ಅಂತ ಕೆಲವರು, ಇತ್ತು ಅಂತ ಕೆಲವರು. ನಂಬಿಕೆ ಹೋದವನು ಮಳೆಯಲ್ಲಿ ನೆನೆಯುತ್ತ ಅಲ್ಲಿ ಯಾಕೆ ಕೂರಬೇಕು? ನಂಬಿಕೆ ಇದ್ದವನು ಒಳಗೆ ಯಾಕೆ ಬರಬಾರದು? ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೂತು ಮೆಲ್ಲಗೆ ಸತ್ತವರ ಹೆಸರು ಹೇಳುತ್ತಿದ್ದ, ಐವತ್ತೊಂದೂ. ಆರೋಗ್ಯಮ್ಮ ಪಕ್ಕದಲ್ಲಿ ಕೂತು ಕೇಳಿ ಕೇಳಿ ಆ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡಳು. ಗಂಡನ ಮಾತಿನಲ್ಲಿ ಅವಳಿಗೆ ತಿಳಿದದ್ದು ಅಷ್ಟೇ.

ಅವನನ್ನು ಮಣ್ಣು ಮಾಡಿದ ದಿನ ಬೆಟ್ಟದ ಜನ ಬಂದು ದೂರದಲ್ಲಿ ನಿಂತು ನೋಡಿ ಹೋದರು ಅಂತಾರೆ. ಹಾಗೆ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಯಾರೂ ಬರಲಿಲ್ಲ ಅಂದರು ನಮ್ಮತ್ತೆ.

ಈಗಲೂ ವರ್ಷಕ್ಕೊಮ್ಮೆ, ಸತ್ತವರ ದಿನ, ನಮ್ಮೂರಲ್ಲಿ ನಮ್ಮವರ ಹೆಸರು ಓದಿ ಆದ ಮೇಲೆ ಆ ಐವತ್ತೊಂದು ಹೆಸರು ಹೇಳ್ತೀವಿ. ಬೊಮ್ಮಮ್ಮ, ಕೇತೇಗೌಡ, ಜಡೆಮಾದ, ಇನ್ನೂ ಹೆಸರಿಡದಿದ್ದ ಎರಡು ಕೂಸು. ಹೇಳುವಾಗ ಗಂಟೆ ಬಾರಿಸೋದಿಲ್ಲ, ಹಾಡೋದಿಲ್ಲ. ಒಂದು ವರ್ಷ ಹೊಸದಾಗಿ ಬಂದ ಸ್ವಾಮಿಗಳು, ಇವರ ಆತ್ಮಕ್ಕೂ ಒಂದು ಪ್ರಾರ್ಥನೆ ಹೇಳೋಣ ಅಂದರು. ಒಬ್ಬ ಮುದುಕಿ ಎದ್ದು ನಿಂತು, "ಅವರನ್ನ ಕೇಳಿದ್ದೀರಾ ಸ್ವಾಮಿ?" ಅಂದಳು.

ಅದಕ್ಕೇ ಹೆಸರು ಮುಗಿದ ಮೇಲೆ ಯಾರೂ ಆಮೆನ್ ಅನ್ನೋದಿಲ್ಲ. ಸ್ವಲ್ಪ ಹೊತ್ತು ನಿಂತಿರ್ತೀವಿ. ಆಮೇಲೆ ಒಬ್ಬೊಬ್ಬರಾಗಿ ಮನೆಗೆ ಹೋಗ್ತೀವಿ.